ಕಾಗದದ ಹವಾಲ್ದಾರ

ಗಡಿಯಲ್ಲಿ ಯುದ್ಧ ಶುರುವಾಗಿ ಮೂರು ತಿಂಗಳಿಗೆ ಸರಕಾರಕ್ಕೆ ಸೈನಿಕರು ಸಾಲದಾದರು. ಆಗ ಅದಕ್ಕೆ ನಮ್ಮೂರು ಉಮದಿ ನೆನಪಾಯಿತು. ನೆರೆಮನೆಯ ಮುಕ್ತಾಬಾಯಿಯ ಮಗ ಶುಭಮ ಆಗಲೇ ಗಡಿಯ ಠಾಣೆಯಲ್ಲಿದ್ದ. ಈಗ ಐವತ್ತು ದಾಟದ ನಿವೃತ್ತ ಸೈನಿಕರೂ ಬರಬೇಕೆಂದು ನನ್ನ ಗಂಡನಿಗೆ ಪತ್ರ ಬಂತು: ಹವಾಲ್ದಾರ ಸೋಮನಿಂಗಪ್ಪ, ವಯಸ್ಸು ನಲವತ್ತೊಂಬತ್ತು.

ನಲವತ್ತೊಂಬತ್ತಂತೆ! ನಮ್ಮವರಿಗೆ ಐವತ್ನಾಲ್ಕು. ಎಮ್ಮೆ ಕಾಯ್ದು ಹನ್ನೊಂದನೇ ವರ್ಷಕ್ಕೆ ಶಾಲೆಗೆ ಹೋದವರನ್ನು ಮಾಸ್ತರರು ಆರು ವರ್ಷದವರೆಂದು ಬರೆದುಕೊಂಡಿದ್ದರು, ಹುಟ್ಟಿದ ದಿನ ಜೂನ್ ಒಂದು. ನಮ್ಮೂರಿನ ಅರ್ಧ ಜನ ಹುಟ್ಟಿದ್ದು ಅದೇ ದಿನ. ಎದ್ದು ನಿಲ್ಲಬೇಕಾದರೆ ನನ್ನ ಹೆಗಲು ಹಿಡಿಯುವವರು ಹಿಮದ ಗುಡ್ಡ ಹತ್ತುತ್ತಾರೆಯೇ? ನಾನು ಬಿಡುವವಳಲ್ಲ. ಅವರನ್ನೂ ಮಗಳು ವಿದ್ಯಾವತಿಯ ಜನ್ಮದಾಖಲೆಯನ್ನೂ ಹಿಡಿದುಕೊಂಡು ಸೈನ್ಯದ ಭರ್ತಿ ಕಚೇರಿಗೆ ಹೋದೆ.

ಮಗಳಿಗೆ ಮೂವತ್ನಾಲ್ಕು, ನಿಮ್ಮ ಲೆಕ್ಕದಲ್ಲಿ ಇವರು ಹದಿನೈದಕ್ಕೇ ಅಪ್ಪ ಎಂದೆ. ಸೈನ್ಯಕ್ಕೆ ಇಂಥ ಚುರುಕಿನವರೇ ಬೇಕು ಎಂದರು ಸಾಹೇಬರು. ಇವರ ನೋವಿನ ಮೊಣಕಾಲು ತೋರಿಸಿದೆ. ಫಾರ್ಮಿನಲ್ಲಿ ಮೊಣಕಾಲಿಗೆ ಜಾಗವಿಲ್ಲವಂತೆ. ಸಂಜೆಯೊಳಗೆ ನಲವತ್ತು ಹೆಸರು ಮೇಲೆ ಕಳಿಸಬೇಕು, ಒಂದು ಕಡಿಮೆ ಬಿದ್ದಿದೆ ಎಂದು ಬೆವರು ಒರೆಸಿಕೊಂಡರು.

ನನಗೆ ಪಿತ್ತ ನೆತ್ತಿಗೇರಿತು.

"ನಿಮಗ ಬೇಕಾಗಿದ್ದು ಹೆಸರ ಹೌದಲ್ರಿ, ಸಾಹೇಬ್ರ? ನಲವತ್ತೊಂಬತ್ತರ ಹವಾಲ್ದಾರ ನಿಮ್ಮ ಕಾಗದದಾಗ ಅದಾನ. ಅವನ್ನ ಗಡಿಗೆ ಕಳಸ್ರಿ. ಐವತ್ನಾಕ ವರ್ಷದ ಇವ್ರು ನಮ್ಮವ್ರು. ಇವ್ರನ್ನ ನಾ ಮನಿಗೆ ಕರಕೊಂಡ ಹೋಗ್ತೀನಿ."

ಸಾಹೇಬರು ಬಾಗಿಲ ಕಡೆ ಒಮ್ಮೆ ನೋಡಿ, ಹೆಸರಿನ ಮೇಲೆ ಠಪ್ಪೆಂದು ಶಿಕ್ಕಾ ಹೊಡೆದರು. ಹೆಸರು ಗಡಿಯ ಠಾಣೆಗೆ ಹೋಯಿತು, ಗಂಡ ನನ್ನ ಜೊತೆ ಬಸ್ಸು ಹತ್ತಿದರು.

ಊರಲ್ಲಿ ನನ್ನದೇ ಮಾತು. ಕರಜಗಿ, ಸನಮಡಿಯಿಂದಲೂ ಸೈನಿಕರ ಹೆಂಡಂದಿರು ಬಂದು ಕೇಳಿಕೊಂಡು ಹೋದರು. ಎಲ್ಲರಿಗೂ ಚಹಾ ಕೊಟ್ಟು ಕಲಿಸಿದೆ. ಎರಡೇ ವಾರದಲ್ಲಿ ಸೈನಿಕರ ಕೊರತೆ ಪೂರ್ತಿ ನೀಗಿದೆ ಎಂದು ಟೀವಿ ಹೇಳಿತು. ಸರಕಾರಕ್ಕೆ ನಾನೇ ಬುದ್ಧಿ ಕೊಟ್ಟೆನೆಂದು ಬೀಗಿದೆ.

ಮರುದಿನ ಮಧ್ಯಾಹ್ನ ಶುಭಮನ ಫೋನು ಬಂತು. ನಮ್ಮವರು ಸ್ಪೀಕರ್ ಹಾಕಿದರು.

"ಕಾಕಾ, ನಮ್ಮ ಠಾಣೆಗೆ ಹೊಸಾ ಹತ್ತ ಮಂದಿ ಬಂದಾರಂತ ಪಟ್ಟಿಯೊಳಗ ಐತಿ. ನಿಮ್ಮ ಹೆಸರೂ ಐತ್ರಿ. ಅದನ್ನ ನೋಡಿ, ಇಲ್ಲಿದ್ದ ಎಂಟ ಮಂದಿನ್ನ ಬ್ಯಾರೆ ಕಡೆ ಕಳಿಸಿಬಿಟ್ಟಾರ. ಈಗ ನಾ ಒಬ್ಬನ ಅದೀನಿ. ನೀವ ಎಲ್ಲಿ ಅದೀರಿ?"

ನಮ್ಮವರು ನನ್ನ ಹೆಗಲು ಹಿಡಿಯದೆ ಎದ್ದು ನಿಂತು, ಅಟ್ಟದ ಮೇಲಿನ ಸೈನ್ಯದ ಟ್ರಂಕಿಗೆ ಕೈ ಚಾಚಿದರು. ಬೇಡ ಎನ್ನದೆ ನಾನೇ ಸ್ಟೂಲು ತಂದಿಟ್ಟೆ.