ಹಾರುವ ಹುಡುಗಿಯ ಬೆನ್ನ ಮೇಲೆ ನಾನು

ತುಮಕೂರಿನ ಒಂದು ಹಳೆಯ ಪ್ರೌಢಶಾಲೆಯ ರಂಗಮಂಚದಲ್ಲಿ ದಾಳಿಂಬೆ ಬಣ್ಣದ ಮಖಮಲ್ ಪರದೆಯಾಗಿ ನನ್ನ ಬದುಕು ಶುರುವಾಯಿತು. ವರ್ಷಕ್ಕೊಮ್ಮೆ ವಾರ್ಷಿಕೋತ್ಸವ. ಉಳಿದ ದಿನ ಧೂಳು, ಹಲ್ಲಿ, ಬೀಗ ಹಾಕಿದ ಬಾಗಿಲು. ಪರದೆ ಸರಿಯುವ ಮೊದಲು ಸಭಾಂಗಣದಲ್ಲಿ ಒಂದು ಕ್ಷಣ ಎಲ್ಲರ ಮಾತು ನಿಲ್ಲುತ್ತದಲ್ಲ, ನನಗೆ ಬೇಕಾಗಿದ್ದದ್ದು ಅಷ್ಟೇ. ಆ ಮೌನವನ್ನು ಮುಂದಿನ ವರ್ಷದವರೆಗೆ ಮಡಿಕೆಗಳಲ್ಲಿ ಇಟ್ಟುಕೊಂಡಿರುತ್ತಿದ್ದೆ.

ಒಂದು ಬೇಸಿಗೆ ರಜೆಯಲ್ಲಿ ಸಿನಿಮಾದವರು ಬಂದರು. ಶಾಲೆಯ ಮೂವರು ಮಕ್ಕಳಿಗೆ ಇದ್ದಕ್ಕಿದ್ದಂತೆ ಅದ್ಭುತ ಶಕ್ತಿ ಬರುವ ನಗೆ ಚಿತ್ರ ಅದು. ಒಬ್ಬ ಶಾಲೆಯ ಬಸ್ಸನ್ನೇ ಎತ್ತುತ್ತಾನೆ. ಇನ್ನೊಬ್ಬ ಮಾಯವಾಗುತ್ತಾನೆ, ಆದರೆ ಹಾಜರಿ ಕರೆಯುವಾಗ ಮಾತ್ರ. ಮೂರನೆಯವಳು ಹಾರುತ್ತಾಳೆ. ಹಾರಬೇಕಾದರೆ ಅವಳ ಬೆನ್ನಿಗೆ ಶಾಲೆಯ ಪರದೆಯಿಂದ ಹೊಲಿದ ಕೇಪ್ ಇರಬೇಕು. ಹಾಗಾಗಿ ನನ್ನನ್ನು ಇಳಿಸಿ ಕತ್ತರಿಸಿದರು. ಕೆಟ್ಟಿರದ ಭಾಗ ಒಂದೇ ಕೇಪಿಗೆ ಸಾಕಾಯಿತು. ಮಿಕ್ಕದ್ದು ನೆಲ ಒರೆಸಲು ಹೋಯಿತು.

ನನ್ನನ್ನು ಹೊಲಿದವರು ದಸ್ತಗೀರ್ ಸಾಬರು. ನಲವತ್ತು ವರ್ಷ ತಮ್ಮೂರ ಪೇಟೆಯಲ್ಲಿ ರಫು ಮಾಡಿದವರು. ಹರಿದ ಬಟ್ಟೆಯ ಅಂಚಿನಿಂದಲೇ ಎಳೆ ಬಿಡಿಸಿ, ಅದೇ ಎಳೆಯಿಂದ ಹರುಕು ಮುಚ್ಚುವ ಕೆಲಸ. ಈಗ ಹರಿದರೆ ಜನ ಹೊಸದು ಕೊಳ್ಳುತ್ತಾರೆ. ಅಂಗಡಿ ಮುಚ್ಚಿ ವರ್ಷವಾದ ಮೇಲೆ ಸಿಕ್ಕಿದ ಮೊದಲ ಕೆಲಸ ಇದು. ನನ್ನ ಕೊರಳಿಗೆ ಹಿತ್ತಾಳೆಯ ಕೊಕ್ಕೆಯನ್ನೂ ಅವರೇ ಹಾಕಿದರು.

ಮೊದಲ ವಾರವೇ ಒಂದು ತಪ್ಪಾಯಿತು. ಖಳನ ಅಂಗಿಯ ಗುಂಡಿಯನ್ನು ಬೇಕೆಂದೇ ಕಿತ್ತಿದ್ದರು. ಸಾಬರು ಒಳ್ಳೆಯ ಮನಸ್ಸಿನಿಂದ ಹೊಲಿದುಬಿಟ್ಟರು. ಉಡುಪಿನ ಉಸ್ತುವಾರಿಯ ಲೋಲಾಕ್ಷಿ ಮೇಡಂ ನಗುತ್ತಲೇ ಹೇಳಿದರು, "ಸಾಬ್ರೆ, ಇದು ಸಿನಿಮಾ. ಹರಿದಿದ್ದು ಹರಿದೇ ಇರಬೇಕು. ಇನ್ನೊಂದ್ಸಲ ಹೀಗಾದ್ರೆ ಊರಿಗೆ ಬಸ್ ಹತ್ತಿಸ್ತೀನಿ."

"ಆಯ್ತಮ್ಮ," ಎಂದರು ಸಾಬರು. ಅವರು ನಗಲಿಲ್ಲ.

ಹಾರುವ ಹುಡುಗಿ ಇಂಚರಾ, ಒಂಬತ್ತನೇ ತರಗತಿಯವಳು. ಕ್ಯಾಮೆರಾ ನಿಂತ ಕೂಡಲೇ ನನ್ನನ್ನು ಸೆರಗಿನಂತೆ ಸುತ್ತಿಕೊಂಡು ಬಾಯಿ ಒರೆಸಿಕೊಳ್ಳುತ್ತಿದ್ದಳು.

ಶಾಲೆ ನಮಗೆ ಸಿಕ್ಕಿದ್ದ ಕೊನೆಯ ದಿನ. ಬೆಳಿಗ್ಗೆಯ ದೃಶ್ಯದಲ್ಲಿ ಇಂಚರಾ ಗೇಟು ಹಾರಬೇಕು, ನಾನು ಕಬ್ಬಿಣದ ಮೊನೆಗೆ ಸಿಕ್ಕಿ ಹರಿಯಬೇಕು. ಹರಿದೆ. ಅಂಗೈ ಅಗಲದ ಹರುಕು. ಅದನ್ನು ಹೊತ್ತು ಅವಳು ಕಾರಿಡಾರಿನಲ್ಲಿ ಓಡಿ ಮುಖ್ಯೋಪಾಧ್ಯಾಯರ ಕೋಣೆಯ ಬಾಗಿಲಲ್ಲಿ ನಿಂತಳು. ಅಷ್ಟು ಮುಗಿಸಿ ಎಲ್ಲರೂ ಊಟಕ್ಕೆ ಎದ್ದರು. ಅಷ್ಟು ಹೊತ್ತೂ ಸಾಬರು ಹಿಂದಿನ ಕೊಠಡಿಯಲ್ಲಿ ಸಮವಸ್ತ್ರ ಇಸ್ತ್ರಿ ಮಾಡುತ್ತಿದ್ದರು; ಮಧ್ಯಾಹ್ನ ಅವಳು ಮುಖ್ಯೋಪಾಧ್ಯಾಯರ ಮುಂದೆ ನಿಲ್ಲುವ ದೃಶ್ಯವಿದೆ ಎಂದಷ್ಟೇ ಅವರಿಗೆ ಗೊತ್ತಿತ್ತು.

ಕುರ್ಚಿಯ ಮೇಲೆ ಬಿದ್ದಿದ್ದ ನನ್ನನ್ನು ಅವರು ನೋಡಿದರು. ತಿರುಗಿಸಿದರು. ತಾನು ಹೊಲಿದದ್ದೇ ಹರಿದಿದೆ, ಬೈಗುಳ ತನಗೇ ಎಂದುಕೊಂಡರೋ ಏನೋ. ಊಟಕ್ಕೆ ಹೋಗಲಿಲ್ಲ. ಕಿಟಕಿಯ ಬೆಳಕಿಗೆ ಕೂತು ನನ್ನ ಒಳಅಂಚಿನಿಂದ ಎಳೆ ಬಿಡಿಸಿದರು. ಅದೇ ಎಳೆಯಿಂದ ಹರುಕು ಮುಚ್ಚಿದರು.

ಮಧ್ಯಾಹ್ನ, ಬೆಳಗಿನ ದೃಶ್ಯದ ಮುಂದುವರಿಕೆಗೆ, ಇಂಚರಾ ನನ್ನನ್ನು ತೊಟ್ಟು ಕೋಣೆಯೊಳಗೆ ನಿಂತಳು. ತನ್ನ ಬೆನ್ನು ತನಗೆ ಕಾಣುತ್ತದೆಯೇ? ಕ್ಯಾಮೆರಾ ಅವಳ ಹಿಂದೆ ಬಂತು. ನಿರ್ದೇಶಕ ಶ್ರೀಪಾಲ್ ಮಾನಿಟರ್ ನೋಡಿದರು, ಮತ್ತೆ ನನ್ನನ್ನು ನೋಡಿದರು.

"ಹರಿದಿದ್ದು ಎಲ್ಲಿ?"

ರಂಗಮಂಚದ ಮೌನ ನನಗೆ ಗೊತ್ತು. ಈ ಮೌನ ಬೇರೆ.

"ನಾನೇ ಸಾರ್," ಎಂದರು ಸಾಬರು ಬಾಗಿಲ ಬಳಿಯಿಂದ.

ಲೋಲಾಕ್ಷಿ ಮೇಡಂ ಹಣೆ ಹಿಡಿದುಕೊಂಡರು. "ಅದೇ ಜಾಗದಲ್ಲಿ ಬಿಚ್ಚಿಬಿಡಿ, ಸಾಬ್ರೆ."

ಸಾಬರು ಹುಡುಕಿದರು. ಮೇಡಂ ಹುಡುಕಿದರು. ಕ್ಯಾಮೆರಾದವನು ಟಾರ್ಚ್ ಹಾಕಿ ಹುಡುಕಿದ. ರಫು ಮಾಡಿದ ಜಾಗ ಸಿಗಲಿಲ್ಲ.

"ಇಷ್ಟು ಚೆನ್ನಾಗಿ ಯಾಕ್ರೀ ಮಾಡ್ತೀರಾ?" ಎಂದರು ಮೇಡಂ, ಅಳುವ ದನಿಯಲ್ಲಿ.

ಕತ್ತರಿ ತಂದುಕೊಟ್ಟರು. ಸಾಬರು ಹಿಡಿದರು, ನಿಂತರು, ಮೇಜಿನ ಮೇಲೆ ಇಟ್ಟುಬಿಟ್ಟರು. "ಬೇರೆಯವರ ಕೈಲಿ ಮಾಡ್ಸಿ ಸಾರ್. ನಾನು ಬಸ್ ಹತ್ತೀನಿ." ಬಾಗಿಲ ಬಳಿಯಿದ್ದ ತಮ್ಮ ಚೀಲ ಎತ್ತಿಕೊಂಡರು.

ಇಂಚರಾ ಅವರ ತೋಳು ಹಿಡಿದಳು. "ತಾತ, ಯಾಕೆ ಹೊಲಿದ್ರಿ?"

"ಹೆಣ್ಣುಮಗು. ಹರಿದಿದ್ದನ್ನ ಬೆನ್ನಿಗೆ ಹಾಕ್ಕೊಂಡು ಹೆಡ್‌ಮಾಸ್ಟ್ರ ಮುಂದೆ ನಿಲ್ಲೋದು ಬೇಡ ಅನ್ನಿಸ್ತು ಅಮ್ಮಣ್ಣಿ."

ಇಂಚರಾ ನಿರ್ದೇಶಕರ ಕಡೆ ತಿರುಗಿದಳು. "ಸಾರ್, ಹೊಲಿದಿದ್ದನ್ನೇ ತೋರಿಸಿದ್ರೆ? ಒಳಗೆ ಹೋಗೋಕ್ಮುಂಚೆ ಯಾರೋ ಹೊಲಿದುಕೊಟ್ರು ಅಂತ?"

ಶ್ರೀಪಾಲ್ ನನ್ನ ಅಂಚು ಹಿಡಿದು ಬೆಳಕಿಗೆ ನೋಡಿದರು. ಆಮೇಲೆ ಕೇಳಿದರು, "ನಿಮ್ಮ ಶಾಲೇಲಿ ಹೊಲಿಗೆ ಮೇಷ್ಟ್ರು ಇರ್ತಿದ್ರಾ?"

"ನಮ್ಮಲ್ಲಿ ಇಲ್ಲ ಸಾರ್. ನಮ್ಮಮ್ಮನ ಶಾಲೇಲಿ ಇದ್ರಂತೆ."

"ನಮ್ಮ ಸಿನಿಮಾದ ಶಾಲೇಲಿ ಇದ್ದಾರೆ." ಶ್ರೀಪಾಲ್ ಸಾಬರ ಕೈಯಿಂದ ಚೀಲ ತೆಗೆದಿಟ್ಟರು. "ಸಾಬ್ರೆ, ಕನ್ನಡಕ ಹಾಕ್ಕೊಳ್ಳಿ. ಆ ಮೇಷ್ಟ್ರು ನೀವೇ."

ಕಾರಿಡಾರಿನಲ್ಲಿ ಇಂಚರಾ ಕ್ಯಾಮೆರಾಗೆ ಮುಖ ಮಾಡಿ ನಿಂತಳು. ಸಾಬರು ಸ್ಟೂಲಿನ ಮೇಲೆ ಅವಳ ಬೆನ್ನ ಹಿಂದೆ ಕೂತರು. ಹರುಕು ಕಾಣಬೇಕಾದ್ದೇ ಇಲ್ಲ. ಗೇಟು ಹಾರಿ ಕೇಪ್ ಹರಿದುಕೊಂಡು ಬಂದವಳಿಗೆ ಮೇಷ್ಟ್ರು ಗದರುತ್ತಾರೆ: "ಅಲುಗಾಡಬೇಡ. ಸೂಜಿ ಚುಚ್ಚುತ್ತೆ." ಮಾತು ಅವರದೇ, ಯಾರೂ ಬರೆದುಕೊಟ್ಟದ್ದಲ್ಲ. ಅವಳು ಅಲುಗಾಡಿದಳು, ಸೂಜಿ ನಿಜವಾಗಿಯೂ ಚುಚ್ಚಿತು. "ಅಯ್ಯಮ್ಮಾ" ಎಂದು ಕುಪ್ಪಳಿಸಿದಳು. ಶ್ರೀಪಾಲ್ ಕಟ್ ಹೇಳುವುದನ್ನು ಮರೆತು ನಕ್ಕರು. ಆ ಕೂಗು ಚಿತ್ರದಲ್ಲಿ ಹಾಗೇ ಉಳಿಯಿತು. ಥಿಯೇಟರಿನಲ್ಲಿ ಜನ ಅತಿ ಹೆಚ್ಚು ನಕ್ಕದ್ದು ಅಲ್ಲೇ ಎಂದು ಆಮೇಲೆ ಕೇಳಿದೆ.

ಅಂದು ಸಾಬರು ಬಸ್ ಹತ್ತಲಿಲ್ಲ. ಚಿತ್ರೀಕರಣದ ಕೊನೆಯ ದಿನ ಕುಂಬಳಕಾಯಿ ಒಡೆದಾಗಲೂ ಅವರಿದ್ದರು. ಮುಂದಿನ ಎರಡು ಚಿತ್ರಗಳಿಗೂ ಲೋಲಾಕ್ಷಿ ಮೇಡಂ ಅವರನ್ನೇ ಕರೆದರು. ಹರಿದೇ ಇರಬೇಕಾದ ಬಟ್ಟೆಗಳಿಗೆ ಮಾತ್ರ ಕೆಂಪು ಚೀಟಿ ಕಟ್ಟಿ, ಬೀರುವಿನಲ್ಲಿಟ್ಟು, ಬೀಗ ಹಾಕುತ್ತಿದ್ದರು.

ನಾನು ಬಾಡಿಗೆ ಉಡುಪಿನ ಅಂಗಡಿಗೆ ಹೋದೆ. ಛದ್ಮವೇಷ ಸ್ಪರ್ಧೆಗಳಲ್ಲಿ ಕಂಸನಾದೆ, ಜಾದೂಗಾರನಾದೆ, ಒಮ್ಮೆ ಟೊಮೆಟೊ ಕೂಡ ಆದೆ. ಬಣ್ಣ ಮಾಸಿದ ಮೇಲೆ ಮೂಟೆಯಲ್ಲಿ ಕಟ್ಟಿ, ಉಪಯೋಗಕ್ಕೆ ಬಂದರೆ ನೋಡಿ ಎಂದು ರಿಪೇರಿ ಮಾಡುವವರ ಮನೆಗೆ ಕಳಿಸಿದರು. ಮೂಟೆ ಬಿಚ್ಚಿದ ಕೈ ನನ್ನ ಕೊರಳ ಹಿತ್ತಾಳೆ ಕೊಕ್ಕೆಯ ಮೇಲೆ ನಿಂತಿತು.

ಈಗ ನಾನು ದಸ್ತಗೀರ್ ಸಾಬರ ಹೊಲಿಗೆ ಯಂತ್ರದ ಹೊದಿಕೆ. ಮೂಲೆಯಲ್ಲಿ ಧೂಳು ಇದೆ, ಹಲ್ಲಿಯೂ ಇದೆ. ಅವರ ಕಣ್ಣು ಮಂಜಾಗಿದೆ, ಸೂಜಿ ಹಿಡಿಯುವುದಿಲ್ಲ. ಕಳೆದ ತಿಂಗಳು ಕಾಲೇಜಿನ ಚೀಲ ಹೆಗಲಿಗೇರಿಸಿಕೊಂಡು ಇಂಚರಾ ಬಂದಿದ್ದಳು. ನನ್ನನ್ನು ಕಂಡವಳೇ ಬೆನ್ನಿಗೆ ಹಾಕಿಕೊಂಡಳು. ಈಗ ಅವಳ ಸೊಂಟದವರೆಗೆ ಮಾತ್ರ ಬರುತ್ತೇನೆ.

"ಎಲ್ಲಿ ತಾತ, ನೀವು ಹೊಲಿದಿದ್ದು?"

ಅವರು ಬೆರಳಿನಿಂದ ನನ್ನ ಮೇಲೆಲ್ಲ ಮೆಲ್ಲಗೆ ತಡವಿದರು. ಒಂದು ಸಲ, ಇನ್ನೊಂದು ಸಲ.

"ಗೊತ್ತಾಗ್ತಿಲ್ಲ ಕಣಮ್ಮಣ್ಣಿ," ಎಂದರು, ಮುಖ ಅರಳಿಸಿ.

ನನಗೆ ಗೊತ್ತಿತ್ತು. ಹೇಳಲಿಲ್ಲ.