ಚಿನ್ನ ಅಂಟಿದ ಪರವಾನಗಿ

ಬುವಾಲೈ ದೊಡ್ಡಮ್ಮನ ತಲೆಗೂದಲನ್ನು ಲಂಪಾಂಗ್ ಪಟ್ಟಣದಲ್ಲಿ ಕಂಡವರಿಲ್ಲ. ಅಡುಗೆ ಮಾಡುವವರು ತಲೆ ಮುಚ್ಚಿರಬೇಕೆಂದು ಪುರಸಭೆಯ ತರಬೇತಿಯಲ್ಲಿ ಹೇಳಿದ್ದೇ ತಡ, ಶಿರವನ್ನೇರಿದ ಬಿಳಿ ಟೋಪಿ ಸಂತೆಗೂ ಬೌದ್ಧ ವಿಹಾರಕ್ಕೂ ಕಡೆಗೆ ತಂಗಿಯ ಮಗಳ ಮದುವೆಗೂ ಇಳಿಯಲಿಲ್ಲ. ನಕ್ಕವರಿಗೆಲ್ಲ ಒಂದೇ ಉತ್ತರ: "ಸರ್ಕಾರ ಹೇಳಿದ್ಮೇಲೆ ಮುಗೀತು ಕಣಪ್ಪ."

ಆಕೆಯ ನೂಡಲ್ಸ್ ಅಂಗಡಿಯಲ್ಲಿ ಬೆಳಗಿನ ಸೂಪು ಕುಡಿಯುವುದು ನನ್ನ ಹಳೆಯ ಚಟವಾದ್ದರಿಂದ ಈ ಭಕ್ತಿಯ ಪರಾಕಾಷ್ಠೆಯನ್ನು ಕಣ್ಣಾರೆ ಕಂಡೆ. ಪರವಾನಗಿಯನ್ನು ಎಲ್ಲರಿಗೂ ಕಾಣುವ ಜಾಗದಲ್ಲಿ ಇಡಬೇಕೆಂಬುದು ನಿಯಮ. ಎಲ್ಲರ ಕಣ್ಣೂ ಹೋಗುವುದು ಗೋಡೆಯ ಮೇಲಿನ ಬುದ್ಧನ ಪೀಠಕ್ಕೆ ತಾನೆ? ಅಲ್ಲೇ ಇಟ್ಟಳು. ಇಟ್ಟ ಮೇಲೆ ಮಲ್ಲಿಗೆ ಹಾಕದಿರಲಾದೀತೆ? ಊದುಬತ್ತಿ ಬಂತು, ನಮ್ಮೂರ ರೂಢಿಯಂತೆ ಕೆಂಪು ಸೋಡಾದ ನೈವೇದ್ಯ ಬಂತು. ಹುಣ್ಣಿಮೆ ಅಮಾವಾಸ್ಯೆಗೆ ವಿಗ್ರಹಕ್ಕೆ ಅಂಟಿಸುವ ಚಿನ್ನದ ರೇಕು ಪರವಾನಗಿಗೂ ಬಂತು. ವರ್ಷ ತುಂಬುವುದರೊಳಗೆ ಅಂಗಡಿಯ ಹೆಸರು, ಒಡತಿಯ ಹೆಸರು, ತಾರೀಖು ಎಲ್ಲವೂ ಚಿನ್ನದಡಿ ಮುಳುಗಿ, ನೆತ್ತಿಯ ಸರ್ಕಾರಿ ಗರುಡಮುದ್ರೆಯೊಂದೇ ಉಳಿಯಿತು.

ಹೊಸ ತಪಾಸಣಾಧಿಕಾರಿ ಸುರಚೆತ್ ಬಂದದ್ದು ಆಗ.

"ದೊಡ್ಡಮ್ಮಾ, ಇದ್ರಲ್ಲಿ ಓದೋಕೆ ಒಂದಕ್ಷರ ಇಲ್ವಲ್ಲ! ಪರವಾನಗಿ ಇಲ್ಲ ಅಂತ ಇವತ್ತೇ ಬಾಗಿಲು ಹಾಕಿಸ್ಬೇಕಾಗುತ್ತೆ."

ಆಕೆ ಸೌಟು ಕೆಳಗಿಟ್ಟು ಒಲೆಯ ಉರಿ ತಗ್ಗಿಸಿದಳು. ಗಂಡನಿಲ್ಲದ ಜೀವಕ್ಕೆ ಆ ಒಲೆಯೊಂದೇ ಆಸರೆ. ಅಧಿಕಾರಿ ಮೆತ್ತಗಾಗಿ, "ಸ್ವಲ್ಪ ಕೆರೆದು ತೋರ್ಸಿ, ಸಾಕು" ಎಂದ.

"ಅಯ್ಯೋ, ಪೂಜೆ ಮಾಡಿದ್ದನ್ನ ನಾನು ಕೆರೀಲಾ? ನೀವಾದ್ರೆ ಸರ್ಕಾರದೋರು. ನೀವೇ ಕೆರೀರಿ ಸಾಹೇಬ್ರೇ" ಎಂದು ಚಾಕುವನ್ನು ತೊಳೆದು, ಒರೆಸಿ, ಎರಡೂ ಕೈಯಲ್ಲಿ ಕೊಟ್ಟಳು. ಅದರಲ್ಲಿ ಕುಯುಕ್ತಿ ಎಳ್ಳಷ್ಟೂ ಇರಲಿಲ್ಲ.

ಸುರಚೆತ್ ಬೂಟು ಕಳಚಿ ಸ್ಟೂಲು ಹತ್ತಿದ. ಉಣ್ಣುತ್ತಿದ್ದವರೆಲ್ಲ ನೂಡಲ್ಸ್ ಎತ್ತುವ ಕಡ್ಡಿ ಕೆಳಗಿಟ್ಟು ನೋಡಿದರು. ಗರುಡನ ಮುಖಕ್ಕೆ ಮುಖವಾದದ್ದೇ, ಚಾಕು ಹಿಡಿದ ಕೈಯನ್ನು ಇನ್ನೊಂದು ಕೈ ತಾನಾಗಿ ಬಂದು ಸೇರಿತು. ಅಧಿಕಾರಿ ನಮಸ್ಕರಿಸಿ ಕೆಳಗಿಳಿದ. "ನಾಳೆ ಕಚೇರಿಗೆ ಬನ್ನಿ. ನಕಲು ಪ್ರತಿ ಕೊಡಿಸ್ತೀನಿ" ಎಂದವನು ಕೂತು ಸೂಪು ತರಿಸಿಕೊಂಡ.

ನಕಲು ಈಗ ಕೈತೊಳೆಯುವ ತೊಟ್ಟಿಯ ಮೇಲೆ ತೂಗುತ್ತಿದೆ. "ಅದಕ್ಕೆ ಹೂ ಬೇಡ್ವಾ ದೊಡ್ಡಮ್ಮಾ?" ಎಂದು ಕೆಣಕಿದೆ.

"ಅದು ಸಾಹೇಬ್ರು ಓದೋಕೆ ಕಣಪ್ಪ" ಎಂದಳು, ಟೋಪಿ ಸರಿಪಡಿಸಿಕೊಳ್ಳುತ್ತ.

ನಮ್ಮಂಥ ಓದುಬಲ್ಲವರು ಕಾನೂನನ್ನು ಓದುವುದೇ ಎಲ್ಲಿ ನುಸುಳಬಹುದೆಂದು ನೋಡಲು. ಬುವಾಲೈಯಂಥವರು ಅದನ್ನು ಸುಮ್ಮನೆ ನಂಬಿಬಿಡುತ್ತಾರೆ. ಕಾನೂನು ಮುರಿಯುವವರಿಗೆ ಎಲ್ಲ ಸರ್ಕಾರಗಳೂ ಶಿಕ್ಷೆ ಬರೆದಿಟ್ಟಿವೆ. ಅದನ್ನು ಇಷ್ಟೊಂದು ನಂಬುವವರಿಗೆ ಏನು ಕೊಡಬೇಕೆಂದು ಯಾವ ಸರ್ಕಾರವೂ ಇನ್ನೂ ಯೋಚಿಸಿದಂತಿಲ್ಲ.