ರೂಪರ್ಟನ ಹಸಿರು ಎಂ.ಜಿ.

ಸೆಪ್ಟೆಂಬರಿನ ಅಪರಾಹ್ಣ ಯಾರ್ಕ್‌ಶೈರಿನ ಗುಡ್ಡಗಳ ಮೇಲೆ ಇಳಿಯುವ ಸೊಬಗೇ ಬೇರೆ! ಮೇಘಮಾಲೆಯ ಸಂದಿನಿಂದ ಜಾರಿದ ಬಿಸಿಲು ಮೊದಲು ಶಿಖರದ ಹೀದರ್ ಪೊದೆಗಳ ನೇರಳೆ ಹೂಗಳನ್ನು ಮುಟ್ಟಿ, ಅಲ್ಲಿಂದ ಕಂದು ಜರಿಗಿಡಗಳ ಇಳಿಜಾರಿಗೆ ಹರಿದು, ಕಲ್ಲುಗೋಡೆಗಳ ನಡುವೆ ಮೇಯುವ ಕುರಿಗಳ ಬೆನ್ನನ್ನು ಕ್ಷಣಕಾಲ ಸುವರ್ಣವಾಗಿಸಿ, ಕೊನೆಗೆ ಸ್ವೇಲ್ ನದಿಯ ಶೀತಲ ಜಲದಲ್ಲಿ ಕರಗಿಹೋಗುತ್ತದೆ... ಹೊರಟುನಿಂತ ಗ್ರೀಷ್ಮವು ಹೊಸ್ತಿಲಲ್ಲಿ ತಿರುಗಿ ಮತ್ತೊಮ್ಮೆ ನಗುವ ಆ ಗಳಿಗೆಯಲ್ಲಿ, ಸಹೃದಯರೇ, ಅರುವತ್ತೆರಡರ ಗಂಡಸಿನ ಎದೆಯೂ ಹದಿಹರೆಯದ ಕನಸಿಗೆ ಸೋತರೆ ಆಶ್ಚರ್ಯಪಡಬೇಕಿಲ್ಲ.

ಆಂಬ್ರೋಸ್ ಮೆಟ್ಕಾಫ್ ಹಾಗೆ ಸೋತವನು. ಹಳ್ಳಿಯ ಒಂದೇ ಒಂದು ಗ್ಯಾರೇಜನ್ನು ನಲವತ್ತು ವರ್ಷ ನಡೆಸಿ, ಟ್ರ್ಯಾಕ್ಟರುಗಳ, ಹಾಲಿನ ಲಾರಿಗಳ ಕೆಮ್ಮನ್ನು ವಾಸಿಮಾಡಿದವನು, ಮದುವೆಯಾಗದೆ ಉಳಿದವನು. ಅದಕ್ಕೆ ಕಾರಣ ಹೆಸ್ಟರ್. ಐವತ್ತೊಂಬತ್ತನೆಯ ಇಸವಿಯಲ್ಲಿ ಆಕೆ ರೂಪರ್ಟ್ ಫೆನ್‌ವಿಕ್ ಎಂಬ ಸುಂದರಾಂಗನ ಕೈಹಿಡಿದು, ಅವನ ಹಸಿರು ಎಂ.ಜಿ. ಕಾರಿನಲ್ಲಿ ಚರ್ಚಿನಿಂದ ಹೊರಟ ದಿನ, ಆ ಕಾರಿಗೆ ಪೆಟ್ರೋಲು ತುಂಬಿಸಿ ಗಾಜು ಒರೆಸಿ ಕಳಿಸಿದವನು ಇದೇ ಆಂಬ್ರೋಸ್. ಇಪ್ಪತ್ತೆರಡು ವರ್ಷಗಳ ದಾಂಪತ್ಯದ ನಂತರ ರೂಪರ್ಟ್ ಹೃದಯಾಘಾತದಿಂದ ತೀರಿಕೊಂಡ. ಮತ್ತೆ ಒಂಬತ್ತು ವರ್ಷ ಆ ಕಾರು ಆಕೆಯ ಕೊಟ್ಟಿಗೆಯಲ್ಲಿ ಮುಸುಕು ಹೊದ್ದು ಮಲಗಿತ್ತು.

ಅದನ್ನು ಎಬ್ಬಿಸಿಕೊಡುತ್ತೇನೆ ಎಂದು ಆಂಬ್ರೋಸ್ ತಾನಾಗಿಯೇ ಕೇಳಿಕೊಂಡ. ಎರಡು ಚಳಿಗಾಲ ಆ ಕೊಟ್ಟಿಗೆಯಲ್ಲಿ ಮಂಡಿಯೂರಿ ದುಡಿದ. ಇಲಿ ಕಡಿದ ತಂತಿಗಳು, ತುಕ್ಕು ತಿಂದ ಬ್ರೇಕು, ಬಿರಿದುಹೋದ ತೊಗಲಿನ ಸೀಟು... ಬೆರಳು ಸೆಟೆಯುವ ಚಳಿಯಲ್ಲಿ ಒಂದೊಂದನ್ನು ಸರಿಪಡಿಸುವಾಗಲೂ ಮನಸ್ಸು ಒಂದೊಂದು ಮಾತನ್ನು ಪೋಣಿಸುತ್ತಿತ್ತು. ಕಾರು ಓಡುವ ದಿನ, ಗುಡ್ಡದ ತುದಿಯಲ್ಲಿ ನಿಲ್ಲಿಸಿ, ಉಳಿದ ವರ್ಷಗಳನ್ನು ಜೊತೆಯಾಗಿ ಕಳೆಯೋಣವೇ ಎಂದು ಆಕೆಯನ್ನು ಕೇಳಿಬಿಡಬೇಕು.

ಕಾರು ಸಿದ್ಧವಾದ ಆ ಭಾನುವಾರ ಹೆಸ್ಟರ್ ತಲೆಗೆ ನೀಲಿ ಸ್ಕಾರ್ಫ್ ಕಟ್ಟಿಕೊಂಡು ಬಂದಳು. ಆ ಕಾರಿನ ಬಾಗಿಲಿಗೆ ಹೊರಗಡೆ ಹಿಡಿಕೆಯಿಲ್ಲ. ಆಕೆಯ ಕೈ ತಾನಾಗಿ ಒಳಕ್ಕಿಳಿದು, ಅಲ್ಲಿದ್ದ ದಾರವನ್ನು ಎಳೆದು ಬಾಗಿಲು ತೆರೆಯಿತು.

"ಏನಯ್ಯಾ, ಟೈ ಬೇರೆ ಕಟ್ಕೊಂಡಿದೀಯ. ಯಾರ ಮದುವೆಗೆ?"

"ಕಾರಿಗೆ ಮರ್ಯಾದೆ ಕೊಡ್ಬೇಕಲ್ಲ."

"ನಿನ್ನ ಟ್ರ್ಯಾಕ್ಟರ್ ಅಂದ್ಕೊಂಡು ಓಡಿಸ್ಬೇಡ, ಅಷ್ಟು ಸಾಕು."

ಸ್ಟಾರ್ಟರಿನ ಗುಂಡಿ ಎಳೆದೊಡನೆ ಇಂಜಿನ್ನು ಗಂಟಲು ಸರಿಮಾಡಿಕೊಂಡು ಹಾಡತೊಡಗಿತು. ಆಹಾ, ಆ ಚಾಲನೆಯ ಸುಖವನ್ನು ಏನೆಂದು ಬಣ್ಣಿಸಲಿ! ನೆಲದಿಂದ ಗೇಣಿನಷ್ಟೇ ಮೇಲೆ ಕುಳಿತ ದೇಹಕ್ಕೆ ರಸ್ತೆಯ ಪ್ರತಿಯೊಂದು ಹರಳೂ ಪರಿಚಯವಾಗುತ್ತದೆ. ಸಪೂರ ಸ್ಟಿಯರಿಂಗ್ ಚಕ್ರ ಅಂಗೈಯಲ್ಲಿ ಜೀವವಿರುವ ಹಕ್ಕಿಯಂತೆ ನಡುಗುತ್ತದೆ. ತಲೆಯ ಮೇಲೆ ಚಾವಣಿಯಿಲ್ಲ, ಆಕಾಶವಿದೆ. ಬಿಸಿ ಎಣ್ಣೆಯ, ಹಳೆಯ ತೊಗಲಿನ, ಆಗಷ್ಟೇ ಕೊಯ್ದ ಹುಲ್ಲಿನ ವಾಸನೆಗಳು ಗಾಳಿಯಲ್ಲಿ ಒಂದಾಗಿ, ಕಳೆದ ಯೌವನವೇ ಎದುರುಬಂದು ಮುಖಕ್ಕೆ ಬೀಸಿದಂತಾಗುತ್ತದೆ... ರಸ್ತೆ ಗುಡ್ಡವನ್ನು ಬಳಸಿ ಏರತೊಡಗಿದಾಗ ಆಂಬ್ರೋಸನಿಗೆ ತನ್ನ ಬದುಕಿನಲ್ಲಿ ಇನ್ನೇನೂ ಕೊರತೆಯಿಲ್ಲ ಎನ್ನಿಸಿತು.

"ಆಂಬ್ರೋಸ್, ಒಂದು ಮಾತು ಕೇಳ್ಲಾ? ಬೇಜಾರು ಮಾಡ್ಕೋಬಾರ್ದು."

ಅವನ ಎದೆ ಇಂಜಿನ್ನಿಗಿಂತ ಜೋರಾಗಿ ಬಡಿದುಕೊಂಡಿತು. "ಕೇಳು."

"ಸ್ವಲ್ಪ ಹೊತ್ತು ಮಾತಾಡ್ದೆ ಓಡಿಸ್ತೀಯಾ? ಕಣ್ಮುಚ್ಕೊಂಡ್ರೆ... ಪಕ್ಕದಲ್ಲಿ ಅವನೇ ಕೂತಿದಾನೆ ಅನ್ಸುತ್ತೆ. ತಿರುವಿನಲ್ಲಿ ಗೇರ್ ಇಳಿಸೋ ಮುಂಚೆ ಅವನು ಇಂಜಿನ್ನನ್ನ ಒಂದ್ಸಲ ಗುರ್ ಅನ್ನಿಸ್ತಿದ್ದ. ಹಾಗೆ ಮಾಡೋಕೆ ಬರುತ್ತಾ ನಿಂಗೆ?"

ಬರುತ್ತಿತ್ತು. ಇಪ್ಪತ್ತೆರಡು ವರ್ಷ ಗ್ಯಾರೇಜಿನ ಮುಂದೆ ಆ ಕಾರು ಹಾದುಹೋದಾಗಲೆಲ್ಲ, ಕೈಯಲ್ಲಿದ್ದ ಕೆಲಸ ನಿಲ್ಲಿಸಿ ಆ ಸದ್ದನ್ನು ಕಿವಿಯಲ್ಲಿ ತುಂಬಿಕೊಂಡವನು ಅವನು. ಮುಂದಿನ ತಿರುವಿನಲ್ಲಿ ಆಂಬ್ರೋಸ್ ತನ್ನ ಎಚ್ಚರದ ಕೈಯನ್ನು ಮರೆತು ರೂಪರ್ಟನ ಧಾರಾಳದ ಕೈಯಿಂದ ಗೇರ್ ಇಳಿಸಿದ; ರೂಪರ್ಟನಂತೆ ತಡವಾಗಿ ಬ್ರೇಕ್ ಒತ್ತಿ, ರೂಪರ್ಟನಂತೆ ಚಕ್ರ ತಿರುಗಿಸಿದ. ಓರೆಗಣ್ಣಿನಲ್ಲಿ ನೋಡಿದರೆ ಹೆಸ್ಟರಳ ಮುಖದ ಮೇಲೆ ಅವನು ಈವರೆಗೂ ಕಾಣದ ಒಂದು ಕಾಂತಿ, ಮಳೆ ನಿಂತ ಮೇಲೆ ಎಳೆ ಎಲೆಯಲ್ಲಿ ಮೂಡುವಂಥ ಬೆಳಕು... ಆ ಬೆಳಕಿಗೆ ಕಾರಣ ತನ್ನ ಕೈಗಳೇ. ಆದರೆ ಅದು ತನಗಾಗಿ ಹೊತ್ತಿದ್ದಲ್ಲ.

ಗುಡ್ಡದ ತುದಿ ಬಂತು. ಅವನ ಕಾಲು ಬ್ರೇಕಿನ ಕಡೆಗೆ ಸರಿಯಿತು.

"ನಿಲ್ಲಿಸ್ಬೇಡ," ಎಂದಳು ಹೆಸ್ಟರ್, ಕಣ್ಣು ತೆರೆಯದೆ.

ಅವನು ನಿಲ್ಲಿಸಲಿಲ್ಲ. ಎರಡು ಚಳಿಗಾಲ ಪೋಣಿಸಿದ್ದ ಮಾತುಗಳನ್ನು ಆಡಬೇಕಿದ್ದ ಜಾಗ ಹಿಂದೆ ಸರಿಯಿತು. ಕಾರು ಆಚೆಯ ಕಣಿವೆಗೆ ಇಳಿಯಿತು.

ಮನೆಯ ಮುಂದೆ ಇಂಜಿನ್ನು ಸುಮ್ಮನಾದ ಮೇಲೂ ಆಕೆ ಏಳಲಿಲ್ಲ.

"ಹನ್ನೊಂದು ವರ್ಷದಲ್ಲಿ ಇಷ್ಟು ಸುಖವಾಗಿ ಇದ್ದಿದ್ದೇ ಇಲ್ಲ ನಾನು. ಮುಂದಿನ ಭಾನುವಾರನೂ ಬರ್ತೀಯಾ?" ಸ್ಕಾರ್ಫಿನ ಗಂಟು ಬಿಚ್ಚುತ್ತ ಮತ್ತೆ ಹೇಳಿದಳು. "ಅವನ ತೊಗಲಿನ ಜಾಕೆಟ್ ಇನ್ನೂ ಬೀರುವಿನಲ್ಲಿದೆ. ನಿಂಗೆ ಆಗ್ಬಹುದು."

"ತೋಳು ಉದ್ದ ಆಗುತ್ತೆ, ಹೆಸ್ಟರ್. ಅವನು ಎತ್ತರದ ಆಳು."

"ಮಡಚ್ಕೊಂಡ್ರಾಯ್ತು."

ಆಕೆಗೆ ಏನೂ ತಿಳಿದಿರಲಿಲ್ಲವೋ, ತಿಳಿದೂ ಕೇಳಿದಳೋ, ಹೇಳುವುದು ಕಷ್ಟ. "ಬರ್ತೀನಿ," ಎಂದ ಆಂಬ್ರೋಸ್.

ಪ್ರೀತಿಸಿದವರ ಸುಖವೊಂದೇ ಸಾಕೆಂದು ನಾವು ಎಷ್ಟು ಸುಲಭವಾಗಿ ಹೇಳುತ್ತೇವೆ! ಆ ಸುಖವನ್ನು ಸ್ವಹಸ್ತದಿಂದ ಕಟ್ಟಿಕೊಟ್ಟು, ಅದರೊಳಗೆ ತನಗೆ ಜಾಗವಿಲ್ಲವೆಂದು ಅರಿತ ಮೇಲೂ ಪ್ರತಿ ಭಾನುವಾರ ಅದರ ಬಾಗಿಲಿಗೆ ಹೋಗಿ ನಿಲ್ಲುವ ಹೃದಯದ ಮಹತ್ತನ್ನು ಮಾತ್ರ ಯಾರೂ ಅಳೆಯಲಾರರು. ಅದರ ನೋವನ್ನೂ ಅಷ್ಟೇ... ಆಸೆ ತೀರಿಹೋದ ಮೇಲೂ ಪ್ರೀತಿಗೆ ಮಾಡುವ ಕೆಲಸ ಉಳಿದಿರುತ್ತದೆ. ಮನುಷ್ಯ ಅದನ್ನು ಮಾಡುತ್ತಾ ಹೋಗುತ್ತಾನೆ.